ಮೊರಕ್ಕೊಂದು ಗೂಟ

ಗೋಡೆಗೆ ಬುಟ್ಟಿ ತೂಗುಹಾಕುವುದು ಈಚೆಗೆ ಬಂದ ಅಲಂಕಾರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಮೂಡಿಗೆರೆ ಕಡೆಯ ಹಳೆಯ ಮನೆಯೊಂದರ ಅಡುಗೆಮನೆಗೆ ಹೋಗಿ ನಿಂತವರಿಗೆ ಹಾಗೆ ಅನ್ನಿಸುವುದಿಲ್ಲ. ಅಲ್ಲಿ ಮಣ್ಣಿನ ಗೋಡೆ ಏಳುವಾಗಲೇ ಅಲ್ಲಲ್ಲಿ ಮರದ ಗೂಟ ಹುಗಿದುಬಿಡುತ್ತಿದ್ದರು. ಒಂದು ಗೂಟಕ್ಕೆ ದೊಡ್ಡ ಮೊರ. ಪಕ್ಕದ್ದಕ್ಕೆ ವಂದರಿ, ಅಂದರೆ ಜರಡಿ. ಅದರಾಚೆ ಅನ್ನ ಬಸಿಯುವ ಸಿಬ್ಬಲು. ನೆಲದಲ್ಲಿಟ್ಟರೆ ಇಲಿ ಕಡಿಯುತ್ತದೆ, ಮಳೆಗಾಲದಲ್ಲಿ ಥಂಡಿ ಹಿಡಿಯುತ್ತದೆ. ಗೋಡೆಯ ಮೇಲಿದ್ದರೆ ಗಾಳಿಯಾಡುತ್ತದೆ, ಒಲೆಯ ಹೊಗೆ ತಾಗುತ್ತದೆ. ಹೊಗೆ ಹಿಡಿದ ಬಿದಿರಿಗೆ ಹುಳು ಹತ್ತುವುದು ಕಡಿಮೆ. ಇಷ್ಟೆಲ್ಲ ಯೋಚನೆ ಆ ಒಂದು ಗೂಟದ ಹಿಂದೆ ಇತ್ತು.

ಅದನ್ನು ಯಾರೂ ಅಲಂಕಾರ ಅಂತ ಕರೆಯಲಿಲ್ಲ. ಆದರೂ ಎಷ್ಟು ಚಂದ ಕಾಣುತ್ತಿತ್ತು! ಸುಣ್ಣ ಬಳಿದ ಗೋಡೆ, ಒಲೆಯ ಹತ್ತಿರ ಹೋದಂತೆ ಅದರ ಬಿಳುಪು ಮಂಕಾಗುತ್ತಿತ್ತು. ಅದರ ಮೇಲೆ ಕೈ ತಾಗಿ, ಹೊಗೆ ತಾಗಿ ಜೇನಿನ ಬಣ್ಣಕ್ಕೆ ತಿರುಗಿದ ಬಿದಿರು. ನಮ್ಮ ಚಿಕ್ಕಮಗಳೂರಿನ ಮನೆಯ ಹಜಾರದಲ್ಲಿ ಒಂದು ಉದ್ದ ಗೋಡೆ ಖಾಲಿ ಇತ್ತು. ಏನು ಹಾಕೋಣ ಅಂತ ಮನೆಯವರೆಲ್ಲ ಒಂದೊಂದು ಹೇಳುತ್ತಿದ್ದರು. ಪೇಂಟಿಂಗ್, ದೊಡ್ಡ ಗಡಿಯಾರ, ಫೋಟೋಗಳ ಸಾಲು. ನನ್ನ ಕಣ್ಣ ಮುಂದೆ ಮಾತ್ರ ಆ ಅಡುಗೆಮನೆಯ ಗೂಟಗಳೇ ಇದ್ದವು.

ಈಗ ಆ ಗೋಡೆಯ ನಡುವೆ ದೊಡ್ಡ ಮೊರವಿದೆ. ಅದರ ಬಲಕ್ಕೆ, ಸ್ವಲ್ಪ ಮೇಲೆ, ವಂದರಿ. ಎಡಕ್ಕೆ ಕಾಫಿ ಕುಯ್ಯುವ ಬುಟ್ಟಿ. ಸೊಂಟಕ್ಕೆ ಕಟ್ಟಿಕೊಳ್ಳುವ ಹಗ್ಗ ಇನ್ನೂ ಅದರಲ್ಲೇ ಇದೆ. ಒಳಗೆಲ್ಲ ಹಣ್ಣಿನ ರಸದ ಕಲೆ. ತೋಟಗಳಲ್ಲಿ ಈಗ ಕುಯ್ಲಿಗೆ ಪ್ಲಾಸ್ಟಿಕ್ ಚೀಲವೇ ಜಾಸ್ತಿ. ಕೆಳಗೆ ಎರಡು ಸಿಬ್ಬಲು, ಒಂದರ ಪಕ್ಕ ಒಂದು. ತುದಿಯಲ್ಲಿ ಒಂದು ಕೂಣಿ. ಮುಂಗಾರು ಶುರುವಾಗಿ ಗದ್ದೆಗೆ ಹೊಸ ನೀರು ನುಗ್ಗುವಾಗ ಹತ್ತಿ ಬರುವ ಮೀನು ಹಿಡಿಯಲು ತೂಬಿನ ಬಾಯಿಗೆ ಇಡುತ್ತಾರಲ್ಲ, ಅದು. ಬಾಯಿ ಅಗಲ, ಬಾಲ ಕಿರಿದು. ಒಳಗೆ ಚೂಪಾದ ಕಡ್ಡಿಗಳ ಇನ್ನೊಂದು ಬಾಯಿ. ಒಳಗೆ ಹೋದ ಮೀನಿಗೆ ಹೊರಗೆ ಬರುವ ದಾರಿ ಸಿಗುವುದಿಲ್ಲ. ಬಂದವರೆಲ್ಲ ಮೊದಲು ಕೇಳುವುದು ಅದರ ಬಗ್ಗೆಯೇ.

ಬುಟ್ಟಿಯನ್ನು ಗೋಡೆಗೆ ಹಾಕುವಾಗ ತಳವನ್ನು ಹೊರಗೆ ಮಾಡಿ ಹಾಕಿ. ಇದು ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು. ಬುಟ್ಟಿ ಕೆಲಸದಲ್ಲಿರುವಾಗ ನಾವು ನೋಡುವುದು ಅದರ ಬಾಯಿ, ಅದರಲ್ಲಿ ತುಂಬಿದ ಸಾಮಾನು. ತಳ ನೆಲಕ್ಕೆ ಒತ್ತಿಕೊಂಡಿರುತ್ತದೆ. ಆದರೆ ಹೆಣೆಯುವವರು ಶುರು ಮಾಡುವುದೇ ತಳದಿಂದ. ದಪ್ಪ ದಬ್ಬೆಗಳನ್ನು, ಅಂದರೆ ಬಿದಿರಿನ ಸೀಳುಗಳನ್ನು, ಅಡ್ಡ ಉದ್ದ ಇಟ್ಟು, ಕಾಲಲ್ಲಿ ಒತ್ತಿ ಹಿಡಿದು, ಮೊದಲ ಎಳೆಯನ್ನು ಅಲ್ಲೇ ಸುತ್ತುತ್ತಾರೆ. ಎಳೆ ಎಲ್ಲಿ ಮುಗಿಯಿತು, ಹೊಸದನ್ನು ಎಲ್ಲಿ ಸೇರಿಸಿದರು, ಎಲ್ಲಿ ಬಿಗಿ ಹೆಚ್ಚಾಯಿತು, ಎಲ್ಲಾ ತಳದಲ್ಲಿ ಓದಬಹುದು. ಒಬ್ಬರು ಹೆಣೆದ ತಳದಂತೆ ಇನ್ನೊಬ್ಬರದು ಇರುವುದಿಲ್ಲ. ನಮ್ಮ ಗೋಡೆಯ ಎರಡು ಸಿಬ್ಬಲನ್ನು ಪಕ್ಕಪಕ್ಕ ಇಟ್ಟಿರುವುದು ಅದಕ್ಕೇ. ಒಂದೇ ಅಳತೆ, ಒಂದೇ ಬಿದಿರು, ಎರಡು ಬೇರೆ ಕೈ.

ಹೆಣಿಗೆಯಲ್ಲೂ ಎಷ್ಟು ಬಗೆ ನೋಡಿ. ಒಂದು ಎಳೆ ಮೇಲೆ, ಒಂದು ಕೆಳಗೆ ಹೋಗುವುದು ಎಲ್ಲಕ್ಕಿಂತ ಸರಳ. ಮೊರಕ್ಕೆ ಅದು ಸಾಲದು. ಕೇರುವಾಗ ಕಾಳು ಜಾರಬೇಕು, ಎಲ್ಲೂ ಸಿಕ್ಕಿಕೊಳ್ಳಬಾರದು, ಸಂದಿಯಿಂದ ಸೋರಲೂಬಾರದು. ಹಾಗಾಗಿ ಎರಡು ಎಳೆ ಮೇಲೆ, ಎರಡು ಕೆಳಗೆ, ಪ್ರತಿ ಸಾಲಿನಲ್ಲೂ ಒಂದು ಎಳೆ ಸರಿಸಿ ಹೆಣೆಯುತ್ತಾರೆ. ಮೊರದ ಮೈಮೇಲೆ ಓರೆಯಾಗಿ ಓಡುವ ಗೆರೆಗಳು ಬರುವುದು ಇದರಿಂದ. ಎಳೆಗಳು ಒತ್ತೊತ್ತಾಗಿ ಕೂರುತ್ತವೆ, ಮೈ ನುಣುಪಾಗುತ್ತದೆ. ಕೋಳಿ ಮುಚ್ಚುವ ಪಂಜರದಲ್ಲಿ ಎಳೆಗಳು ಮೂರು ದಿಕ್ಕಿನಲ್ಲಿ ಹಾಯುತ್ತವೆ, ನಡುವೆ ಆರು ಮೂಲೆಯ ಕಣ್ಣು ಉಳಿಯುತ್ತದೆ. ಮೂರು ಎಳೆಗಳು ಒಂದನ್ನೊಂದು ಹಿಡಿದುಕೊಂಡಿರುವುದರಿಂದ ಯಾವುದೂ ಸರಿಯುವುದಿಲ್ಲ. ಕಡಿಮೆ ಬಿದಿರು, ಕಡಿಮೆ ಭಾರ, ಆದರೂ ಗಟ್ಟಿ. ಗೋಡೆಯ ಮೇಲೆ ಇದೆಲ್ಲ ಕಣ್ಣಿಗೆ ಬೀಳುತ್ತದೆ. ಕೈಯಲ್ಲಿ ಹಿಡಿದು ಓಡಾಡುವಾಗ ಯಾರು ನೋಡುತ್ತಾರೆ?

ನನ್ನ ತವರು ಮೂಡಿಗೆರೆ ಕಡೆ. ಅತ್ತೆಯ ಊರು ಕಡೂರು ಕಡೆ. ಜಿಲ್ಲೆ ಒಂದೇ, ಮಳೆ ಬೇರೆ. ಅಮ್ಮನ ಮನೆಯಿಂದ ಬಂದದ್ದೆಲ್ಲ ಬಿದಿರು, ಅಂಚಿಗೆ ಕಾಡಿನ ಬೆತ್ತದ ಕಟ್ಟು. ಅತ್ತೆ ತಂದುಕೊಟ್ಟದ್ದು ಈಚಲ ಗರಿಯ ಬುಟ್ಟಿ, ಲಕ್ಕಿ ಗಿಡದ ಕಡ್ಡಿಯ ಮಂಕರಿ. ಬಯಲುಸೀಮೆಯ ಹಳ್ಳದ ಬದಿಯಲ್ಲಿ, ಕೆರೆ ಏರಿಯ ಹಿಂದೆ ಬೆಳೆಯುವುದು ಅವೇ. ಹಾಸನ ಜಿಲ್ಲೆಯಲ್ಲೂ ಹೀಗೇ ಅಲ್ವಾ? ಸಕಲೇಶಪುರದ ಬುಟ್ಟಿ ಬೇರೆ, ಅರಸೀಕೆರೆಯದು ಬೇರೆ. ಯಾವ ಊರಲ್ಲಿ ಎಷ್ಟು ಮಳೆ ಬೀಳುತ್ತದೆ ಅಂತ ಬುಟ್ಟಿ ನೋಡಿ ಹೇಳಬಹುದು. ಲಕ್ಕಿ ಮಂಕರಿ ಒರಟು. ಗೊಬ್ಬರ ಹೊರಲು ಮಾಡಿದ್ದು. ಅದನ್ನು ಹಜಾರಕ್ಕೆ ಹಾಕುತ್ತೀಯಾ ಅಂತ ಅತ್ತೆಗೇ ಆಶ್ಚರ್ಯ. "ಹೊಸದೇ ಕಣಮ್ಮ, ಗೊಬ್ಬರ ಮುಟ್ಟಿಲ್ಲ, ಆದ್ರೂ ಮಂಕರಿ ಮಂಕರಿನೇ" ಅಂದರು. ನಾನು ಹಾಕಿದೆ. ನುಣುಪಾದ ಮೊರದ ಪಕ್ಕ ಆ ಒರಟು ಕಡ್ಡಿಗಳು ಇರಬೇಕು ಅಂತ ನನಗೆ ಅನ್ನಿಸುತ್ತದೆ. ಎಲ್ಲವೂ ನಯವಾಗಿದ್ದರೆ ಗೋಡೆ ಅಂಗಡಿಯಂತೆ ಕಾಣುತ್ತದೆ.

ನಮ್ಮ ಪೇಟೆಯ ಸಂತೆಯ ಅಂಚಿನಲ್ಲಿ ಕೂರುವ ಅಜ್ಜಿಯೊಬ್ಬರಿದ್ದಾರೆ. ಬಿದಿರು ಹೆಣೆಯುವ ಮೇದರವರು. ಚಿಕ್ಕಂದಿನಿಂದ ಬಿದಿರು ಸೀಳಿದ ಕೈ. ಗೋಡೆಯ ಒಂದು ಜಾಗಕ್ಕೆ ಅಗಲವಾದ ಬುಟ್ಟಿ ಬೇಕಿತ್ತು. ಅವರನ್ನೇ ಕೇಳಿದೆ.

"ಅಜ್ಜಿ, ಹಜಾರದ ಗೋಡೆಗೆ ಹಾಕೋಕೆ ಒಂದು ಅಗಲವಾದ ಬುಟ್ಟಿ ಹೆಣೆದು ಕೊಡ್ತೀರಾ?"

"ಏನ್ ತುಂಬಕೆ ಕಣವ್ವಾ?"

"ಏನೂ ತುಂಬಲ್ಲ ಅಜ್ಜಿ. ಗೋಡೆಗೆ. ನೋಡೋಕೆ."

ಅವರು ಕೈಯಲ್ಲಿದ್ದ ದಬ್ಬೆ ಕೆಳಗಿಟ್ಟರು. "ಏನಾದ್ರೂ ಒಂದು ಹೇಳು ತಾಯಿ. ರಾಗಿಗೋ, ಕಾಯಿಗೋ, ಸೊಪ್ಪಿಗೋ. ಅದಿಲ್ದೆ ಕಣ್ಣು ಎಷ್ಟು ಬಿಡ್ಲಿ, ಕಂಠ ಎಷ್ಟು ಏರಿಸ್ಲಿ?"

ಈ ಮಾತು ನನ್ನೊಳಗೆ ಕೂತುಬಿಟ್ಟಿದೆ. ರಾಗಿಗಾದರೆ ಕಣ್ಣೇ ಇರಬಾರದು, ಹೆಣಿಗೆ ಒತ್ತಾಗಿರಬೇಕು. ಸೊಪ್ಪಿಗೆ ಗಾಳಿ ಬೇಕು, ಕಣ್ಣು ಬಿಡಬೇಕು. ತೆಂಗಿನಕಾಯಿಗೆ ತಳ ದಪ್ಪ, ನಿಲುವು ದಬ್ಬೆಗಳು ಅಗಲ. ತಲೆಯ ಮೇಲೆ ಹೊರುವುದಾದರೆ ತಳ ಬಾಗಿರಬೇಕು. ಸೊಂಟಕ್ಕೆ ಒರಗಿಸುವುದಾದರೆ ಒಂದು ಬದಿ ಚಪ್ಪಟೆ. ಒಳಗೆ ಏನು ಬೀಳುತ್ತದೆ ಅನ್ನುವುದು ಮೊದಲು ನಿಶ್ಚಯವಾಗುತ್ತದೆ, ಬುಟ್ಟಿಯ ಆಕಾರ ಅದರ ಹಿಂದೆ ಬರುತ್ತದೆ. "ಬರೀ ನೋಡೋಕೆ" ಅಂದರೆ ಅಜ್ಜಿಗೆ ಅಳತೆ ಸಿಗುವುದಿಲ್ಲ. ನಾನು ತರಕಾರಿಗೆ ಅಂದೆ. ಅವರ ಮುಖ ಅರಳಿತು. ಆ ಬುಟ್ಟಿ ಈಗ ಗೋಡೆಯಲ್ಲಿದೆ. ಹಬ್ಬಕ್ಕೆ, ಮನೆಗೆ ನೆಂಟರು ಬಂದಾಗ, ಇಳಿದು ಅಡುಗೆಮನೆಗೆ ಹೋಗುತ್ತದೆ. ತರಕಾರಿ ತುಂಬಿಕೊಳ್ಳುತ್ತದೆ. ಆಮೇಲೆ ತೊಳೆದು, ಒಣಗಿಸಿ, ಮತ್ತೆ ಮೊಳೆಗೆ.

ಅದಕ್ಕೇ ಬುಟ್ಟಿಯನ್ನು ಗೋಡೆಗೆ ಅಂಟಿಸುವುದು, ಅದರ ಮೇಲೆ ಬಣ್ಣ ಬಳಿಯುವುದು, ವಾರ್ನಿಷ್ ಹೊಡೆಯುವುದು ನನಗೆ ಒಗ್ಗುವುದಿಲ್ಲ. ಅಂಟಿಸಿದರೆ ಅದು ಇನ್ನೆಂದೂ ಇಳಿಯುವುದಿಲ್ಲ. ವಾರ್ನಿಷ್ ಹೊಡೆದರೆ ಅದರಲ್ಲಿ ಅಕ್ಕಿ ಕೇರಲು ಮನಸ್ಸು ಬರುವುದಿಲ್ಲ. ಯಾವತ್ತು ಬೇಕಾದರೂ ಗೋಡೆಯಿಂದ ಇಳಿದು ಕೆಲಸಕ್ಕೆ ಬರುವಂತೆ ಬುಟ್ಟಿ ಇರಬೇಕು. ನಮ್ಮ ಹಳೆಯ ಮನೆಗಳ ಗೂಟ ಮಾಡುತ್ತಿದ್ದುದು ಅದನ್ನೇ. ಮೊರಕ್ಕೆ ಬಳಿಯುವುದಾದರೆ ಹಿಂದಿನವರು ಬಳಿದದ್ದನ್ನೇ ಬಳಿಯಬಹುದು. ನೆನೆಸಿದ ಮೆಂತ್ಯ ಮತ್ತು ನೆನೆಸಿದ ಹಳೆ ಕಾಗದವನ್ನು ಒಟ್ಟಿಗೆ ರುಬ್ಬಿ ಸವರುತ್ತಿದ್ದರು. ಸಂದಿಗಳು ಮುಚ್ಚಿಕೊಳ್ಳುತ್ತವೆ, ಮೊರ ಗಟ್ಟಿಯಾಗುತ್ತದೆ, ಮೆಂತ್ಯದ ಕಹಿಗೆ ಹುಳು ಹತ್ತಿರ ಬರುವುದಿಲ್ಲ ಅಂತ ಅಮ್ಮ ಹೇಳುತ್ತಾರೆ. ಹೊಲಮನೆಯ ಬುಟ್ಟಿಗಾದರೆ ಸಗಣಿ ಸಾರಿಸುತ್ತಿದ್ದರು.

ಬಿದಿರಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಅದನ್ನು ತಿಳಿಯದೆ ಬುಟ್ಟಿ ನೋಡಿದರೆ ಅರ್ಧ ಮಾತ್ರ ನೋಡಿದ ಹಾಗೆ. ಬಿದಿರು ಹುಲ್ಲಿನ ಜಾತಿ. ಕಳಲೆ, ಅಂದರೆ ಎಳೆ ಮೊಳಕೆ, ನೆಲ ಸೀಳಿ ಏಳುವಾಗ ಎಷ್ಟು ದಪ್ಪವಿದೆಯೋ ಅಷ್ಟೇ, ಮರದ ಹಾಗೆ ವರ್ಷವರ್ಷ ದಪ್ಪವಾಗುವುದಿಲ್ಲ. ಕೆಲವೇ ತಿಂಗಳಲ್ಲಿ ಪೂರ್ತಿ ಎತ್ತರಕ್ಕೆ ಏರುತ್ತದೆ. ಆಮೇಲೆ ಮೂರು ನಾಲ್ಕು ವರ್ಷ ಒಳಗೊಳಗೇ ಬಲಿಯುತ್ತದೆ. ಮನೆ ಕಟ್ಟಲು ಬಲಿತದ್ದು ಬೇಕು. ಬುಟ್ಟಿಗೆ ತೀರಾ ಬಲಿತದ್ದು ಬಗ್ಗುವುದಿಲ್ಲ, ಮುರಿಯುತ್ತದೆ. ತೀರಾ ಎಳೆಯದಾದರೆ ಒಣಗಿದ ಮೇಲೆ ಸುಕ್ಕುಗಟ್ಟಿ ಹೆಣಿಗೆ ಸಡಿಲವಾಗುತ್ತದೆ. ಬಿದಿರು ಮೆಳೆಯ ಮುಂದೆ ನಿಂತು ಯಾವುದನ್ನು ಕಡಿಯಬೇಕು ಅಂತ ಕಣ್ಣಲ್ಲೇ ಅಳೆಯುವುದು ದೊಡ್ಡ ವಿದ್ಯೆ.

ಸೀಳುವುದು ಅದಕ್ಕಿಂತ ದೊಡ್ಡದು. ಹೊರಗಿನ ಸಿಪ್ಪೆಯ ಪದರ ಗಟ್ಟಿ, ಮಿರುಗುತ್ತದೆ, ನೀರನ್ನು ಬೇಗ ಹೀರುವುದಿಲ್ಲ. ಅದರಲ್ಲಿ ಸಿಲಿಕಾ ಇರುವುದರಿಂದ ಕತ್ತಿಯ ಅಲಗು ಬೇಗ ಮೊಂಡಾಗುತ್ತದೆ. ಒಳಗಿನ ಪದರ ಮೆತ್ತಗೆ, ಬಣ್ಣ ಮಂಕು. ಒಳ್ಳೆಯ ಬುಟ್ಟಿಯಲ್ಲಿ ಸಿಪ್ಪೆಯ ಎಳೆ ಜಾಸ್ತಿ ಇರುತ್ತದೆ. ಅಗ್ಗದ ಬುಟ್ಟಿಯಲ್ಲಿ ಒಳಪದರವೇ ತುಂಬಿರುತ್ತದೆ. ಕೊಳ್ಳುವಾಗ ಬೆರಳಿನಿಂದ ಸವರಿ ನೋಡಿ. ಎರಡೂ ಬದಿ ಹತ್ತಿಯಂತೆ ನಾರು ಎದ್ದಿದ್ದರೆ ಅದು ಹೆಚ್ಚು ಕಾಲ ಬಾಳುವುದಿಲ್ಲ.

ಹುಳುವಿನ ಕಾಟ ಎಲ್ಲರಿಗೂ ಗೊತ್ತು. ಬುಟ್ಟಿಯ ಕೆಳಗೆ ಹಳದಿ ಪುಡಿ ಉದುರುತ್ತಿದ್ದರೆ ಒಳಗೆ ಕೊರೆಯುವ ಹುಳು ಇದೆ ಅಂತ ಅರ್ಥ. ಅದು ಬರುವುದು ಬಿದಿರಿನೊಳಗಿನ ಪಿಷ್ಟದ ಆಸೆಗೆ. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಕಡಿಯಬೇಕು, ಅಮಾವಾಸ್ಯೆಯ ಕತ್ತಲಲ್ಲಿ ಕಡಿಯಬೇಕು ಅಂತ ನಮ್ಮ ಕಡೆ ಹೇಳುತ್ತಾರೆ. ಕಳಲೆ ಏಳುವ ಕಾಲದಲ್ಲಿ ಕಡಿದರೆ ಮೆಳೆಗೂ ಕೆಡುಕು. ಕಡಿದದ್ದನ್ನು ಹರಿಯುವ ನೀರಲ್ಲಿ ಕೆಲವು ವಾರ ಮುಳುಗಿಸಿಟ್ಟರೆ ಸಿಹಿ ಅಂಶ ನೀರಿಗೆ ಇಳಿದುಹೋಗುತ್ತದೆ. ಹುಳುವಿಗೆ ತಿನ್ನಲು ಕಡಿಮೆ ಉಳಿಯುತ್ತದೆ. ಹಳ್ಳದಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟ ಬಿದಿರನ್ನು ನಮ್ಮ ಕಡೆಯವರು ನೋಡಿಯೇ ಇರುತ್ತಾರೆ. ಬರೀ ಗೋಡೆಗೆ ಮಾತ್ರ ಇರುವ ಬುಟ್ಟಿಯಾದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಲ್ಲಿ ಅದ್ದಿ ಒಣಗಿಸುವವರೂ ಇದ್ದಾರೆ. ಊಟದ ಸಾಮಾನು ಹಾಕುವ ಬುಟ್ಟಿಗೆ ಅದು ಬೇಡವೇ ಬೇಡ.

ಬಿದಿರು ಸಿಗುವುದೂ ಸುಲಭವಿರಲಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆಯಲ್ಲಿ ಮರ ಅನ್ನುವ ಮಾತಿನೊಳಗೆ ಬಿದಿರನ್ನೂ ಸೇರಿಸಿದ್ದರು. ಹುಲ್ಲು ಕಾನೂನಿನಲ್ಲಿ ಮರವಾಯಿತು. ಕಡಿಯಲು, ಸಾಗಿಸಲು ಮರಕ್ಕಿರುವ ಕಟ್ಟುಪಾಡೇ ಅದಕ್ಕೂ ಬಂತು. 2017ರಲ್ಲಿ ತಿದ್ದುಪಡಿ ಮಾಡಿ ಬಿದಿರನ್ನು ಮರದ ಪಟ್ಟಿಯಿಂದ ತೆಗೆದರು. ಅಲ್ಲಿಗೆ ಕಾಡಿನ ಹೊರಗೆ, ಸ್ವಂತ ಜಮೀನಿನಲ್ಲಿ ಬೆಳೆದ ಬಿದಿರಿಗೆ ದಾರಿ ಸಲೀಸಾಯಿತು. ಕಾಡಿನೊಳಗಿನದಕ್ಕೆ ಅರಣ್ಯದ ನಿಯಮ ಹಾಗೇ ಇದೆ, ಇರಲೂಬೇಕು. ಆನೆಗಳಿಗೂ ಬಿದಿರು ಬೇಕು. ಸಕಲೇಶಪುರ, ಆಲೂರು ಕಡೆಯವರಿಗೆ ಕಾಡಿನಲ್ಲಿ ಮೇವು ಕಡಿಮೆಯಾದರೆ ಏನಾಗುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ. ನನ್ನ ಆಸೆ ಏನೆಂದರೆ, ತೋಟವಿರುವವರು ಬೇಲಿಯ ಮೂಲೆಯಲ್ಲಿ ಎರಡು ಹಿಂಡಲು ಬಿದಿರು ಬೆಳೆಸಿ ಹೆಣೆಯುವವರಿಗೆ ಕೊಡಬೇಕು. ಹೆಬ್ಬಿದಿರು ಸುಮಾರು 40ರಿಂದ 50 ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ, ಮೆಳೆಗೆ ಮೆಳೆಯೇ ಒಣಗಿಹೋಗುತ್ತದೆ. ಆಗ ಒಂದಿಡೀ ಊರಿನ ಹೆಣೆಯುವವರಿಗೆ ಕೆಲಸವಿಲ್ಲದಂತಾಗುತ್ತದೆ. ಬೇರೆ ಬೇರೆ ಕಡೆ, ಬೇರೆ ಬೇರೆ ಕಾಲದಲ್ಲಿ ನೆಟ್ಟ ಮೆಳೆಗಳಿದ್ದರೆ ಅವರಿಗೆ ಆಸರೆ.

ಗೋಡೆಗೆ ಹಾಕುವ ಕೆಲಸಕ್ಕೆ ಬರೋಣ. ಹಳೆಯ ಮಣ್ಣಿನ ಗೋಡೆಯಲ್ಲಿ ಸಣ್ಣ ಮೊಳೆ ನಿಲ್ಲುವುದಿಲ್ಲ, ಮಣ್ಣು ಉದುರುತ್ತದೆ. ಅಂಥ ಗೋಡೆಗೆ ಉದ್ದಕ್ಕೆ ಒಂದು ಮರದ ರೀಪರ್ ಪಟ್ಟಿ ಹೊಡೆಸಿ, ಅದಕ್ಕೆ ಕೊಕ್ಕೆ ಹಾಕುವುದು ಒಳ್ಳೆಯದು. ಆಮೇಲೆ ಬುಟ್ಟಿ ಬದಲಿಸುವುದೂ ಸಲೀಸು. ಸಿಮೆಂಟ್ ಗೋಡೆಯಾದರೆ ಡ್ರಿಲ್ ಮಾಡಿ ಪ್ಲಗ್ ಹಾಕಿ ತಿರುಪು ಬಿಗಿದರೆ ಸಾಕು. ಬುಟ್ಟಿಯ ಎಳೆಗೆ ಮೊಳೆ ತೂರಿಸಬೇಡಿ, ಎಳೆ ಸೀಳುತ್ತದೆ. ಅಂಚಿನ ಕಟ್ಟಿನ ಒಳಗೆ ಗಟ್ಟಿ ನೂಲನ್ನೋ ತೆಳು ತಂತಿಯನ್ನೋ ಪೋಣಿಸಿ ಕುಣಿಕೆ ಮಾಡಿ. ಅಂಚು ಬುಟ್ಟಿಯ ಎಲ್ಲಕ್ಕಿಂತ ಗಟ್ಟಿ ಜಾಗ, ಭಾರ ಅಲ್ಲಿಗೇ ಬೀಳಲಿ. ಮೊರವನ್ನು ಬಾಯಿ ಕೆಳಗೆ ಮಾಡಿ ಹಾಕಿದರೆ ಧೂಳು ಒಳಗೆ ನಿಲ್ಲುವುದಿಲ್ಲ.

ಗೋಡೆಗೂ ಬುಟ್ಟಿಗೂ ನಡುವೆ ಬೆರಳು ತೂರುವಷ್ಟು ಸಂದಿ ಬಿಡಿ. ಮಲೆನಾಡಿನಲ್ಲಿ ಇದನ್ನು ಮರೆತರೆ ಜುಲೈ ಹೊತ್ತಿಗೆ ಬುಟ್ಟಿಯ ಹಿಂದೆ ಬೂಷ್ಟು ಬಂದಿರುತ್ತದೆ. ಅಂಚಿನ ಹಿಂದೆ ಸಣ್ಣ ಮರದ ತುಂಡು ಕಟ್ಟಿದರೂ ಆಯಿತು, ಗಾಳಿ ಓಡಾಡುತ್ತದೆ. ಮಳೆ ಜೋರಾಗಿ ಹಿಡಿದಾಗ ಬಿಸಿಲು ಕಂಡ ದಿನ ಎಲ್ಲವನ್ನೂ ಇಳಿಸಿ ಅಂಗಳಕ್ಕೆ ಒಯ್ಯುತ್ತೇನೆ. ಬೂಷ್ಟು ಕಂಡರೆ ಮನೆಯೊಳಗೆ ಒರೆಸಬಾರದು, ಪುಡಿ ಎಲ್ಲಾ ಕಡೆ ಹಾರುತ್ತದೆ. ಹೊರಗೆ ಒಣ ಬ್ರಷ್‌ನಿಂದ ಉಜ್ಜಿ, ಸ್ವಲ್ಪ ವಿನೆಗರ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ, ಚೆನ್ನಾಗಿ ಒಣಗಿಸಬೇಕು. ಸುಣ್ಣದ ಗೋಡೆಯಲ್ಲಿ ಈ ಕಾಟ ಕಡಿಮೆ, ಸುಣ್ಣಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಕಡೂರು, ಅರಸೀಕೆರೆ ಕಡೆ ತೊಂದರೆ ಬೇರೆ ಥರ. ಅಲ್ಲಿ ಬೇಸಿಗೆಯಲ್ಲಿ ಎಳೆಗಳು ಒಣಗಿ ಪೆಡಸಾಗುತ್ತವೆ. ಆಗೊಮ್ಮೆ ಈಗೊಮ್ಮೆ ನೀರು ಚಿಮುಕಿಸಿ ನೆರಳಲ್ಲಿ ಆರಿಸಿದರೆ ಮತ್ತೆ ಬಗ್ಗುವ ಗುಣ ಬರುತ್ತದೆ. ನೇರ ಬಿಸಿಲು ಬೀಳುವ ಗೋಡೆ ಎಲ್ಲಿಯೂ ಬೇಡ.

ಜೋಡಿಸುವುದಕ್ಕೆ ನಿಯಮ ಅಂತ ಏನೂ ಇಲ್ಲ. ಎಲ್ಲವನ್ನೂ ಮೊದಲು ನೆಲದಲ್ಲಿ ಹರಡಿ, ಕುರ್ಚಿ ಹತ್ತಿ ಮೇಲಿಂದ ನೋಡಿ, ಇಷ್ಟವಾದಾಗ ಗೋಡೆಗೆ ಏರಿಸಿದರೆ ಆಯಿತು.

ಬೆಳಕಿನ ಬಗ್ಗೆ ಮಾತ್ರ ನನಗೆ ಹಟವಿದೆ. ಬುಟ್ಟಿಗೆ ಎದುರಿನಿಂದ ಬೆಳಕು ಬಿದ್ದರೆ ಹೆಣಿಗೆ ಸತ್ತುಹೋಗುತ್ತದೆ. ಪಕ್ಕದಿಂದ ಬಿದ್ದರೆ ಒಂದೊಂದು ಎಳೆಯೂ ಮೇಲೆದ್ದು ಕಾಣುತ್ತದೆ, ಕಣ್ಣುಗಳ ನೆರಳು ಗೋಡೆಯ ಮೇಲೆ ಚಾಚುತ್ತದೆ. ಇದು ನನಗೆ ಹೊಳೆದದ್ದು ಬೇಲೂರಿನಲ್ಲಿ. ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠೆಯಾದದ್ದು. ಅದರ ಜಾಲಂಧ್ರಗಳು ಆಮೇಲೆ ಸೇರಿದವು. ನಕ್ಷತ್ರದ ಕಣ್ಣುಗಳನ್ನು ಕೊರೆದ ಆ ಕಲ್ಲಿನ ಪರದೆಯ ಹತ್ತಿರ ಒಳಗಿನಿಂದ ನಿಂತು ನೋಡಿ. ಹೊರಗಿನ ಬಿಸಿಲು ತುಂಡುತುಂಡಾಗಿ ಒಳಗೆ ಬರುತ್ತದೆ. ಕಲ್ಲಲ್ಲಿ ಅಷ್ಟು ಶ್ರಮಪಟ್ಟು ತಂದ ಬೆಳಕಿನ ಆಟವನ್ನು ಕೋಳಿ ಪಂಜರವೊಂದು ಸದ್ದಿಲ್ಲದೆ ಮಾಡುತ್ತದಲ್ಲ ಅಂತ ಅವತ್ತು ಅನ್ನಿಸಿತು. ಅಂದಿನಿಂದ ಹಜಾರದ ದೀಪವನ್ನು ಗೋಡೆಯ ಪಕ್ಕಕ್ಕೆ ಸರಿಸಿದ್ದೇವೆ.

ಗೋಡೆಯ ಮೇಲೆ ಬುಟ್ಟಿಗಳ ಗುಂಪು ಕಟ್ಟುವ ಈಗಿನ ರೂಢಿಯಲ್ಲಿ ಆಫ್ರಿಕಾದ ಬುಟ್ಟಿಗಳಿಗೆ ದೊಡ್ಡ ಜಾಗವಿದೆ. ಅವುಗಳ ಬಗ್ಗೆ ಓದುತ್ತಾ ಹೋದಾಗ ನಮ್ಮ ಜಿಲ್ಲೆಗಳೇ ನೆನಪಾದವು. ರುವಾಂಡಾದಲ್ಲಿ ಅಗಸೆಕೆ ಅನ್ನುವ ಬುಟ್ಟಿ ಇದೆ. ಹುಲ್ಲನ್ನು ಕಟ್ಟಾಗಿ ಸುತ್ತುತ್ತಾ, ಕತ್ತಾಳೆಯ ನಾರಿನಿಂದ ಹೊಲಿಯುತ್ತಾ ಮಾಡುತ್ತಾರೆ. ಚೂಪಾದ ಮುಚ್ಚಳ ಅದರ ಗುರುತು. ಆ ದೇಶ 2001ರಲ್ಲಿ ಒಪ್ಪಿಕೊಂಡ ರಾಷ್ಟ್ರಲಾಂಛನದಲ್ಲಿ ಬುಟ್ಟಿಯಿದೆ, ಜೋಳದ ತೆನೆಯಿದೆ, ಕಾಫಿಯ ಕೊಂಬೆಯೂ ಇದೆ. ಕಾಫಿಯನ್ನೂ ಬುಟ್ಟಿಯನ್ನೂ ಒಟ್ಟಿಗೆ ಲಾಂಛನದಲ್ಲಿ ಇಟ್ಟುಕೊಂಡ ದೇಶ! ಚಿಕ್ಕಮಗಳೂರಿನವಳಾದ ನನಗೆ ಆ ಚಿತ್ರ ನೋಡಿ ಸಂಭ್ರಮವಾಯಿತು.

ಇನ್ನೊಂದು ಟೋಂಗಾ ಜನರ ಬುಟ್ಟಿ. ಜಾಂಬೆಜಿ ನದಿಯ ಕಣಿವೆಯವರು ಅವರು. ಬುಟ್ಟಿ ಅಗಲ, ಆಳ ಕಡಿಮೆ. ಅದು ನಮ್ಮ ಮೊರದ ಹಾಗೆ ಕಾಳು ಕೇರಲು ಮಾಡಿದ್ದು. 1950ರ ದಶಕದಲ್ಲಿ ಆ ನದಿಗೆ ಕರಿಬಾ ಅಣೆಕಟ್ಟು ಕಟ್ಟಿದಾಗ ಸುಮಾರು 57,000 ಟೋಂಗಾ ಜನ ನದಿಯ ದಂಡೆ ಬಿಟ್ಟು ಏಳಬೇಕಾಯಿತು. ನದಿಯ ನೆರೆ ತಂದು ಹಾಕಿದ ಮಣ್ಣಿನ ಹೊಲಗಳು ನೀರಿನಡಿ ಹೋದವು. ಕೇರುವ ಬುಟ್ಟಿ ಮಾತ್ರ ಅವರ ಜೊತೆ ಬಂತು. ಈಗ ದೂರದ ದೇಶಗಳ ಗೋಡೆಗಳ ಮೇಲೆ ಇರುವುದು ಅದೇ. ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರನ್ನು ಕಂಡವರಿಗೆ, ಶೆಟ್ಟಿಹಳ್ಳಿಯ ಚರ್ಚು ಪ್ರತಿ ಮಳೆಗಾಲ ನೀರಿನಲ್ಲಿ ನಿಲ್ಲುವುದನ್ನು ನೋಡಿದವರಿಗೆ, ಇದು ದೂರದ ಕಥೆ ಅನ್ನಿಸುವುದಿಲ್ಲ. ಚಂದದ ಬುಟ್ಟಿ ಅಂತ ಗೋಡೆಗೆ ಹಾಕಿಕೊಳ್ಳುವಾಗ ಅದು ಯಾವ ಹೊಲದ ಕಾಳನ್ನು ಕೇರಿತ್ತು ಅಂತ ತಿಳಿದಿರುವುದು ನಾವು ಅದಕ್ಕೆ ಕೊಡಬೇಕಾದ ಮರ್ಯಾದೆ.

ನಮ್ಮಲ್ಲೂ ಮೊರಕ್ಕೆ ಮರ್ಯಾದೆ ಇದೆ. ಕಾಲಲ್ಲಿ ತಾಗಿಸಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಹುಟ್ಟಿದ ಮಗುವನ್ನು ಮೊರದಲ್ಲಿ ಮಲಗಿಸುವ ಪದ್ಧತಿ ಎಷ್ಟೋ ಮನೆಗಳಲ್ಲಿ ಉಂಟು. ಗೌರಿ ಹಬ್ಬಕ್ಕೆ ಜೋಡಿ ಮೊರದ ಬಾಗಿನ. ಅರಿಶಿನ, ಕುಂಕುಮ, ಬಳೆ, ಬಾಚಣಿಗೆ, ಕನ್ನಡಿ, ಬೇಳೆ, ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿ, ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡುತ್ತೇವೆ. ಹಾಗಾಗಿ ಮೊರ ಹಜಾರಕ್ಕೆ ಬಂದಾಗ ಅಮ್ಮ ಸ್ವಲ್ಪ ಹಿಂಜರಿದರು. "ಖಾಲಿ ಮೊರ ಬಾಗಿಲಿಗೆ ಎದುರಾಗಿ ಬೇಡ ಕಣೆ" ಅಂದರು. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಬಾಗಿಲಿನ ಎದುರು ಗೋಡೆ ಬಿಟ್ಟು ಪಕ್ಕದ ಗೋಡೆಗೇ ಹಾಕಿದೆ. ಹಬ್ಬದ ದಿನ ಅಮ್ಮನೇ ಅದರ ಅಂಚಿಗೆ ಅರಿಶಿನ ಕುಂಕುಮ ಇಡುತ್ತಾರೆ.

12ನೇ ಶತಮಾನದ ಶರಣ ಮೇದರ ಕೇತಯ್ಯ ಬುಟ್ಟಿ, ಮೊರ ಹೆಣೆದು ಮಾರಿಯೇ ಬದುಕಿದವನು. ಬಿದಿರು ಕಡಿಯಲು ಹೋದಾಗ ಬಿದಿರು ಎದೆಗೆ ಇರಿದು ಪ್ರಾಣ ಹೋಯಿತು ಅನ್ನುವ ಕಥೆ ಅವನ ಬಗ್ಗೆ ಇದೆ. ಅಜ್ಜಿಯ ಅಂಗೈ ನೋಡಿದಾಗ ನನಗೆ ಆ ಕಥೆ ನೆನಪಾಗುತ್ತದೆ. ಬೆರಳಿನ ತುದಿಗಳು ಸೀಳು ತಾಗಿ ತಾಗಿ ಗಡುಸಾಗಿವೆ. ಒಂದು ಮೊರದ ಹಿಂದೆ ಬಿದಿರು ತರುವುದು, ಸೀಳುವುದು, ಹೆರೆಯುವುದು, ನೆನೆಸುವುದು, ಹೆಣೆಯುವುದು, ಅಂಚು ಕಟ್ಟುವುದು ಇಷ್ಟು ಕೆಲಸವಿದೆ. ಆಮೇಲೆ ಹೊತ್ತುಕೊಂಡು ಸಂತೆಗೆ ಬಂದು ದಿನವಿಡೀ ಕೂರುವುದು. ಅಲ್ಲಿ ನಾವು ಹತ್ತು ರೂಪಾಯಿಗೆ ಚೌಕಾಸಿ ಮಾಡುತ್ತೇವೆ. ಅದೇ ಬುಟ್ಟಿ ದೊಡ್ಡ ಅಂಗಡಿಯ ಗಾಜಿನ ಹಿಂದೆ ಇದ್ದರೆ ಬೆಲೆ ಚೀಟಿ ನೋಡಿ ಸುಮ್ಮನೆ ದುಡ್ಡು ಕೊಡುತ್ತೇವೆ. ಇದು ನನಗೆ ತುಂಬಾ ನೋವು ಕೊಡುವ ವಿಷಯ. ಗೋಡೆಯ ಅಲಂಕಾರಕ್ಕೆ ಅಂತ ಕೊಳ್ಳುವವರು ಹೆಣೆದವರ ಕೈಯಿಂದಲೇ ಕೊಳ್ಳಿ, ಅವರು ಹೇಳಿದ ಬೆಲೆ ಕೊಡಿ. ಚಿಕ್ಕಮಗಳೂರು ಸುತ್ತಮುತ್ತ ಎಷ್ಟೊಂದು ಹೋಮ್‌ಸ್ಟೇಗಳಿವೆ. ಗೋಡೆಗೆ ಬೇಕಾದ ಬುಟ್ಟಿಯನ್ನು ಅವರು ಆನ್‌ಲೈನ್‌ನಲ್ಲಿ ದೂರದಿಂದ ತರಿಸುವ ಬದಲು ಹತ್ತಿರದ ಮೇದರ ಕೇರಿಗೆ ಹೋದರೆ ಎಷ್ಟು ಚೆನ್ನ. ಹೆಣೆದವರನ್ನು ಒಂದು ದಿನ ಕರೆಸಿ, ಕೂಲಿ ಕೊಟ್ಟು, ಬಂದ ಅತಿಥಿಗಳ ಮುಂದೆ ಕೂರಿಸಿದರೆ ಇನ್ನೂ ಚೆನ್ನ.

ಎಲ್ಲಿಂದ ಶುರು ಮಾಡುವುದು ಅಂತ ಕೇಳುವ ಗೆಳತಿಯರಿಗೆ ನಾನು ಅಟ್ಟ ಹುಡುಕಿ ಅನ್ನುತ್ತೇನೆ. ಗೌರಿ ಹಬ್ಬದ ಬಾಗಿನದ ಪುಟ್ಟ ಮೊರಗಳು ಪ್ರತಿ ಮನೆಯಲ್ಲೂ ಎಲ್ಲೋ ಕವರಿನೊಳಗೆ ಕೂತಿರುತ್ತವೆ. ಬಾಗಿನ ಬಂದ ಮೊರವನ್ನು ಎಸೆಯಲು ಮನಸ್ಸು ಬರುವುದಿಲ್ಲ, ಅಷ್ಟು ಪುಟ್ಟದರಲ್ಲಿ ಕೇರಲೂ ಆಗುವುದಿಲ್ಲ. ಅವನ್ನು ಒರೆಸಿ, ಅಡುಗೆಮನೆಯ ಕಿಟಕಿಯ ಪಕ್ಕ ಸಾಲಾಗಿ ಹಾಕಿ. ಬೆಳ್ಳುಳ್ಳಿ ಬಿಡಿಸುವಾಗ, ಕರಿಬೇವು ಆರಿಸುವಾಗ ಒಂದನ್ನು ಇಳಿಸಿಕೊಳ್ಳಿ. ಕೊಟ್ಟವರ ನೆನಪೂ ಆಗುತ್ತದೆ. ನಮ್ಮ ಮನೆಯಲ್ಲಿ ಒಂದೊಂದು ಮೊರವೂ ಇಂಥವರು ಕೊಟ್ಟದ್ದು ಅಂತ ಗುರುತಿದೆ, ಮಗಳಿಗೂ ಅದು ಬಾಯಿಪಾಠ.

ಹಬ್ಬದ ಮುಂಚಿನ ವಾರಗಳಲ್ಲಿ ಅಜ್ಜಿಗೆ ಉಸಿರಾಡಲೂ ಬಿಡುವಿರುವುದಿಲ್ಲ. ವರ್ಷದ ವ್ಯಾಪಾರದ ದೊಡ್ಡ ಪಾಲು ಆಗಲೇ. ಅದೆಲ್ಲ ಮುಗಿದ ಮೇಲೆ ಒಂದು ಹೆಡಿಗೆ, ಅಂದರೆ ದೊಡ್ಡ ಬುಟ್ಟಿ, ಹೆಣೆದುಕೊಡಿ ಅಂತ ಹೇಳಿ, ಮುಂಗಡ ಕೊಟ್ಟು ಬಂದಿದ್ದೇನೆ. ಹೆಡಿಗೆ ಗೋಡೆಗೆ ಭಾರ, ಅದು ಜಗಲಿಯಲ್ಲಿ ಸೌದೆ ತುಂಬಿಕೊಂಡು ಇರುತ್ತದೆ. ಕೂಣಿಯ ಪಕ್ಕದ ಜಾಗಕ್ಕೆ ಒಂದು ಗೊರಬು ಸಿಕ್ಕರೆ ಬೇಕು. ನಾಟಿ ಮಾಡುವವರು ಮಳೆಗೆ ಬೆನ್ನ ಮೇಲೆ ಹಾಕಿಕೊಳ್ಳುತ್ತಿದ್ದದ್ದು. ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಅದನ್ನು ಮಾಡುವವರು ಅಪರೂಪ. ಅಜ್ಜಿಯ ಸೊಸೆ ತನ್ನ ತವರಿನಲ್ಲಿ ಕೇಳಿ ನೋಡುತ್ತೇನೆ ಅಂದಿದ್ದಾರೆ.